ಮುನಿಯಲ್ಲಪ್ಪನವರ ಗಾಳಿ

ಸಾರಕ್ಕಿಯ ನಮ್ಮ ಓನರ್ ಮುನಿಯಲ್ಲಪ್ಪನವರು ಹೊಲದಲ್ಲಿ ಸಾಲಾಗಿ ಬಾಡಿಗೆ ಮನೆ ಕಟ್ಟಿಸಿದರು. ಒಂದರಲ್ಲೂ ಫ್ಯಾನಿಗೆ ಕೊಕ್ಕೆ ಇಡಿಸಲಿಲ್ಲ. ಟೇಬಲ್ ಫ್ಯಾನ್ ಹೊತ್ತು ಬಂದ ರಾಯಚೂರಿನ ಶರಣಮ್ಮನಿಗೆ, "ಬೆಂಗ್ಳೂರಲ್ಲಿ ಫ್ಯಾನ್ ಹಾಕೋದು ಊರಿಗೇ ಅವಮಾನ ಕಣಮ್ಮ!" ಎಂದು ಬೈದಿದ್ದರು. ಅವಳು ಅದನ್ನು ಮಂಚದಡಿ ಬಚ್ಚಿಟ್ಟಳು.

ತೊಂಬತ್ತೆಂಟರಲ್ಲಿ ಮಾರ್ಚ್‌ಗೇ ಬಿಸಿಲು ಬೆಂಕಿಯಾಯಿತು. "ಇದೊಂದು ಬಿಸ್ಲಾ?" ಎಂದು ಮಟಮಟ ಮಧ್ಯಾಹ್ನ ತಾರಸಿಯಲ್ಲಿ ಎದೆಯುಬ್ಬಿಸಿ ನಿಂತ ಓನರು ದೊಪ್ಪನೆ ಬಿದ್ದರು. ನಾವೆಲ್ಲ ಗಾಬರಿಯಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದೆವು. ಶರಣಮ್ಮ ನಮಗೆ ಗದರಿ, ಅವರನ್ನು ತನ್ನ ಕೋಣೆಗೆ ಹೊರಿಸಿ, ಮೈಮೇಲೆ ಬಿಂದಿಗೆ ನೀರು ಸುರಿದು, ಫ್ಯಾನ್ ಹಾಕಿದಳು.

ಸ್ವಲ್ಪ ಹೊತ್ತಿಗೆ ಮುನಿಯಲ್ಲಪ್ಪನವರು ಕಣ್ಣು ಮುಚ್ಚಿಕೊಂಡೇ ನಕ್ಕರು.

"ನೋಡಮ್ಮ, ಎಂಗೆ ಬೀಸ್ತೈತೆ ನಮ್ಮ ಬೆಂಗ್ಳೂರ್ ಗಾಳಿ!"

"ಹೌದ್ರೀ ಯಜಮಾನ್ರ, ಭಾರಿ ಗಾಳಿ ಐತ್ರಿ," ಎನ್ನುತ್ತ ಶರಣಮ್ಮ ಫ್ಯಾನಿನ ಮೂರನೇ ಗುಂಡಿ ಒತ್ತಿದಳು.