ಸೆಕೆಂಡಿಗೆ ಐದು ಚಿತ್ರ

ಬೀದಿಯವರೆಲ್ಲ ಆಕೆಯನ್ನು ಟ್ರಂಕಕ್ಕ ಎಂದೇ ಕರೆಯುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ನಾಲ್ಕು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರೂರುಗಳ ಟ್ರಂಕ್ ಕಾಲ್ ಜೋಡಿಸಿದವರು. ಬಂದದ್ದು ಬಹುಪಾಲು ರಾತ್ರಿ ಪಾಳಿಯೇ. ಯಜಮಾನರು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವವರು, ಅವರದು ಹಗಲಿನ ಕೆಲಸ. ಅವರು ಮನೆಗೆ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಈಕೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಮಕ್ಕಳಿರಲಿಲ್ಲ. ಜಗಳವೂ ಇರಲಿಲ್ಲ, ಜಗಳ ಆಡಬೇಕಾದರೂ ಇಬ್ಬರೂ ಒಂದೇ ಹೊತ್ತಿಗೆ ಎಚ್ಚರವಿರಬೇಕಲ್ಲ! ಒಂದೇ ವರ್ಷದಲ್ಲಿ ಇಬ್ಬರೂ ನಿವೃತ್ತರಾಗಿ ಎದುರುಬದುರು ಕುರ್ಚಿ ಹಾಕಿಕೊಂಡು ಕೂತಾಗ, ಏನು ಮಾತಾಡಬೇಕೆಂದು ಇಬ್ಬರಿಗೂ ತೋಚಲಿಲ್ಲ. ಯಜಮಾನರು ಹಾಲಿನ ಪ್ಯಾಕೆಟ್ಟಿನ ಮೇಲಿನ ಕಾಗುಣಿತದ ತಪ್ಪು ಹುಡುಕುತ್ತ ಕಾಲ ಕಳೆಯತೊಡಗಿದರು.

ಆ ಮೌನ ತಡೆಯಲಾರದೆ ಟ್ರಂಕಕ್ಕ ಒಂದು ಸಂಜೆ ಗ್ರಂಥಾಲಯದ ಹಿಂದಿನ ಹಾಲಿಗೆ ಹೋದರು. ಅಲ್ಲಿ ಆಕಾಶ ನೋಡುವವರ ಬಳಗವೊಂದು ವಾರಕ್ಕೊಮ್ಮೆ ಸೇರುತ್ತಿತ್ತು. ಬಳಗದ ಹಿರಿಯ, ಒಬ್ಬ ಹಲ್ಲಿನ ಡಾಕ್ಟರು, ಗಾಜು ತಿಕ್ಕಿ ದೂರದರ್ಶಕದ ಕನ್ನಡಿ ಮಾಡುವುದನ್ನು ಕಲಿಸುತ್ತಿದ್ದರು. ಟ್ರಂಕಕ್ಕ ಎಂಟು ತಿಂಗಳು ಪಟ್ಟು ಬಿಡದೆ ತಿಕ್ಕಿದರು. ಕನ್ನಡಿಯಾಯಿತು, ಕೊಳವೆಯಾಯಿತು, ಆಕಾಶದ ಜೊತೆ ಮೆಲ್ಲಗೆ ತಿರುಗಿಸುವ ಪುಟ್ಟ ಮೋಟಾರೂ ಬಂತು. ಇಷ್ಟು ಸಾಲದೆಂಬಂತೆ ತಂಗಿಯ ಮಗಳು ತನ್ನ ಹಳೆಯ ವೆಬ್‌ಕ್ಯಾಮ್ ತಂದುಕೊಟ್ಟಳು.

"ದೊಡ್ಡಮ್ಮಾ, ಇದರ ಲೆನ್ಸ್ ಬಿಚ್ಚಿ ನಿಮ್ಮ ದೂರದರ್ಶಕಕ್ಕೆ ಸಿಕ್ಕಿಸಿದ್ರೆ ಗುರು ಗ್ರಹದ ವಿಡಿಯೋ ತೆಗೀಬಹುದಂತೆ. ಗಾಳಿ ಅಲುಗಾಡ್ತಾ ಇರುತ್ತಲ್ಲ, ಅದಕ್ಕೆ ಒಂದೇ ಫೋಟೋ ತೆಗೆದ್ರೆ ಮಸುಕಾಗುತ್ತೆ. ವಿಡಿಯೋದಲ್ಲಾದ್ರೆ ನೂರಾರು ಚಿತ್ರ ಇರುತ್ತೆ. ಅದರಲ್ಲಿ ಚೆನ್ನಾಗಿರೋದನ್ನ ಆರಿಸಿ, ಒಂದರ ಮೇಲೊಂದು ಕೂರಿಸಿ ಒಂದೇ ಚಿತ್ರ ಮಾಡೋ ಪ್ರೋಗ್ರಾಮ್ ಇದೆ."

ಡಾಕ್ಟರನ್ನು ಕೇಳಿದರೆ, "ಸೆಕೆಂಡಿಗೆ ಮೂವತ್ತು ಚಿತ್ರ ಇಟ್ಟುಬಿಡಿ ಅಕ್ಕ. ಹೆಚ್ಚು ಸಿಕ್ಕಷ್ಟೂ ಆರಿಸೋಕೆ ಅನುಕೂಲ" ಎಂದರು.

ಟ್ರಂಕಕ್ಕ ಹಳೆಯ ಕಂಪ್ಯೂಟರನ್ನು ಕಂತು ಕಂತಾಗಿ ಮಹಡಿಗೆ ಹೊತ್ತು, ಇಸ್ತ್ರಿ ಮೇಜಿನ ಮೇಲೆ ಇಟ್ಟರು. ಆ ತಿಂಗಳು ಗುರು ಗ್ರಹ ಕತ್ತಲಾಗುತ್ತಲೇ ಮೇಲೇರಿರುತ್ತಿತ್ತು. ಮೂವತ್ತಕ್ಕೆ ಇಟ್ಟು ವಿಡಿಯೋ ತೆಗೆದರು. ಬಂದದ್ದು ಗುರು ಗ್ರಹವಲ್ಲ, ಬಳಸಿ ಸವೆದ ಸಾಬೂನಿನ ಬಿಲ್ಲೆ. ಮರುದಿನವೂ ಅದೇ. ಕನ್ನಡಿ ಒರೆಸಿದರು, ತಿರುಪು ಬಿಗಿ ಮಾಡಿದರು, ಗಾಳಿಯನ್ನು ಬೈದರು. ಹತ್ತು ಸಂಜೆ ಹೀಗೇ ಕಳೆಯಿತು. ಕೈಯಲ್ಲಿ ತಿಕ್ಕಿದ ಕನ್ನಡಿಯೇ ಕೆಟ್ಟದ್ದಿರಬೇಕು ಎಂದು ಒಳಗೊಳಗೇ ಕುಗ್ಗಿದರು.

ಹನ್ನೊಂದನೆಯ ಸಂಜೆ ಯಜಮಾನರು ಮೇಲೆ ಬಂದರು. "ಊಟ ಆರಿಹೋಗ್ತಿದೆ" ಎನ್ನುವುದಕ್ಕೆ ಬಾಯಿ ತೆರೆದವರು ಪರದೆ ನೋಡಿ ಹಾಗೇ ನಿಂತರು. ಕನ್ನಡಕವನ್ನು ಹಣೆಗೆ ಏರಿಸಿ ಮೂಗು ತಾಗುವಷ್ಟು ಹತ್ತಿರ ಬಗ್ಗಿದರು.

"ಇದೇನೇ, ಚೌಕ ಚೌಕ?"

"ಎಲ್ಲಿ ಚೌಕ? ಅದು ಗ್ರಹದ ಮೇಲಿನ ಪಟ್ಟೆ ಇರಬೇಕು ರೀ."

"ಪಟ್ಟೆ ಅಲ್ಲ. ಸರಿಯಾಗಿ ನೋಡು. ಗ್ರಹ ನಡುಗ್ತಾ ಇದೆ, ಚೌಕ ನಡುಗ್ತಿಲ್ಲ. ಅದು ಇದ್ದಲ್ಲೇ ಇದೆ. ಮೂಲ ಸರಿಯಾಗೇ ಇದೆ ಕಣೇ, ಅಚ್ಚಾಗೋವಾಗ ಎಲ್ಲೋ ಕೆಡ್ತಿದೆ."

ಟ್ರಂಕಕ್ಕ ನೋಡಿದರು. ನಿಜವೇ! ನೀರಿನಡಿಯ ನಾಣ್ಯದಂತೆ ಗ್ರಹ ತೊನೆಯುತ್ತಿತ್ತು. ಅದರ ಮೇಲೆ ಸಣ್ಣ ಸಣ್ಣ ಚೌಕಗಳು ಕಿಟಕಿಯ ಜಾಲರಿಯಂತೆ ಅಲುಗದೆ ಕೂತಿದ್ದವು. ಕೆಡುತ್ತಿರುವುದು ಕನ್ನಡಿಯಲ್ಲಲ್ಲ, ದಾರಿಯಲ್ಲಿ. ದಾರಿ ಎಂದ ಮೇಲೆ ಆಕೆಗೆ ಹೇಳಿಕೊಡಬೇಕೆ? ಒಂದು ತಂತಿಯಲ್ಲಿ ಅಳತೆ ಮೀರಿ ಮಾತು ತುರುಕಿದರೆ ಪ್ರತಿಯೊಂದು ಮಾತೂ ಮೂಗಿನಲ್ಲಿ ಆಡಿದಂತೆ ಕೇಳುವುದನ್ನು ಸಾವಿರ ಸಲ ಕೇಳಿದ ಕಿವಿ ಅದು.

"ರೀ, ಈ ಹಳೇ ಕಂಪ್ಯೂಟರಲ್ಲಿ ಕ್ಯಾಮೆರಾ ವೈರು ಸಿಕ್ಕಿಸೋ ಕಿಂಡಿ ಸಣ್ಣದು. ಮೂವತ್ತು ಚಿತ್ರ ಇಡಿಯಾಗಿ ಹಿಡಿಸಲ್ಲ. ಅದಕ್ಕೇ ಕ್ಯಾಮೆರಾ ಒಂದೊಂದನ್ನೂ ಹಿಂಡಿ ಹಿಪ್ಪೆ ಮಾಡಿ ಕಳಿಸ್ತಿದೆ!"

"ಹಾಗಾದ್ರೆ ಕಮ್ಮಿ ಕಳಿಸು ಅನ್ನು."

ಹದಿನೈದಕ್ಕೆ ಇಳಿಸಿದರು. ಚೌಕ ಮಸುಕಾಯಿತು. ಹತ್ತಕ್ಕೆ ಇಳಿಸಿದಾಗ ಯಜಮಾನರು, "ಅಂಚಲ್ಲಿ ಇನ್ನೂ ಸ್ವಲ್ಪ ಇದೆ" ಎಂದರು. ಐದಕ್ಕೆ ಇಳಿಸಿದರು. ಚೌಕವೆಲ್ಲ ಮಾಯ. ವಿಡಿಯೋ ಮಾತ್ರ ಕುಂಟುತ್ತ ಕುಂಟುತ್ತ ಓಡಿತು. ಗುರು ಗ್ರಹ ತನ್ನ ಸುತ್ತ ತಾನೇ ಬಿರುಸಾಗಿ ತಿರುಗುವುದರಿಂದ ಎರಡು ನಿಮಿಷಕ್ಕಿಂತ ಹೆಚ್ಚು ತೆಗೆಯುವಂತಿಲ್ಲ; ಅಷ್ಟರಲ್ಲಿ ಸಿಕ್ಕುವುದು ಆರುನೂರೇ ಚಿತ್ರ. ಇರಲಿ, ಆರುನೂರೂ ಅಪ್ಪಟ. ಇಪ್ಪತ್ತಿಪ್ಪತ್ತು ನಿಮಿಷ ಬಿಟ್ಟು ನಾಲ್ಕು ವಿಡಿಯೋ ತೆಗೆದರು. ಊಟ ನಿಜಕ್ಕೂ ತಣ್ಣಗಾಗಿತ್ತು. ಇಬ್ಬರೂ ಮಹಡಿಯ ಮೆಟ್ಟಿಲ ಮೇಲೆ ತಟ್ಟೆ ಹಿಡಿದುಕೊಂಡು ಕೂತು ಉಂಡರು.

ಬೆಳಿಗ್ಗೆ ಪ್ರೋಗ್ರಾಮ್ ಮೊದಲ ಚಿತ್ರ ಜೋಡಿಸಿ ಮುಗಿಸಿದಾಗ ಟ್ರಂಕಕ್ಕನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಎರಡು ಕಂದು ಪಟ್ಟೆ, ಅಂಚಿನಲ್ಲಿ ನಯವಾದ ನೆರಳು. ಯಜಮಾನರ ಕಣ್ಣು ಅಷ್ಟಕ್ಕೆಲ್ಲ ಮಾರುಹೋಗುವಂಥದ್ದಲ್ಲ.

"ಇಲ್ಲೊಂದು ಕಪ್ಪು ಚುಕ್ಕೆ ಬಿದ್ದಿದೆ. ಕಸ. ಅಳಿಸಿಬಿಡು."

ಅಳಿಸಲೆಂದು ಟ್ರಂಕಕ್ಕ ಮೌಸ್ ಹಿಡಿದರು. ಕ್ಯಾಮೆರಾದೊಳಗೆ ಧೂಳು ಹೊಕ್ಕಿರಬಹುದೆಂದು ಆಕೆಗೂ ಅನಿಸಿತ್ತು. ಅಷ್ಟರಲ್ಲಿ ಎರಡನೆಯ ಚಿತ್ರವೂ ತಯಾರಾಯಿತು. ಅದನ್ನು ಪಕ್ಕದಲ್ಲಿ ಇಟ್ಟದ್ದೇ ತಡ, ಯಜಮಾನರು ಆಕೆಯ ಕೈ ಹಿಡಿದರು.

"ತಡಿ, ತಡಿ. ಇದರಲ್ಲಿ ಚುಕ್ಕೆ ಈಚೆಗೆ ಬಂದಿದೆ."

ಮೂರನೆಯದರಲ್ಲಿ ಇನ್ನಷ್ಟು ಈಚೆಗೆ. ನಾಲ್ಕನೆಯದರಲ್ಲಿ ನಟ್ಟನಡುವೆ, ಸೂಜಿಯಲ್ಲಿ ಚುಚ್ಚಿದಷ್ಟು ದುಂಡಗೆ, ಕಡುಕಪ್ಪಗೆ.

ಟ್ರಂಕಕ್ಕ ಡಾಕ್ಟರಿಗೆ ಫೋನ್ ಮಾಡಿದರು. ಅವರು ಯಾರದೋ ಹಲ್ಲು ಕೀಳುತ್ತಿದ್ದರಂತೆ. ಕಿತ್ತು ಮುಗಿಸಿ, ಪಂಚಾಂಗದಂಥ ಯಾವುದೋ ಪಟ್ಟಿ ನೋಡಿ ತಿರುಗಿ ಫೋನ್ ಮಾಡಿದರು.

"ಅಕ್ಕಾ, ಅದು ಕಸ ಅಲ್ಲ. ಗುರುವಿನ ಒಂದು ಚಂದ್ರ ಅದರ ಮುಂದೆ ಹಾದುಹೋಗ್ತಾ ಬೀಳಿಸಿದ ನೆರಳು! ಎಷ್ಟಕ್ಕೆ ಇಟ್ಟಿದ್ರಿ?"

"ಐದಕ್ಕೆ."

"ಐದೇ? ನನ್ನ ಲ್ಯಾಪ್‌ಟಾಪಿನ ಕಿಂಡಿ ಹೊಸದು, ಮೂವತ್ತೂ ಸಲೀಸಾಗಿ ಬರುತ್ತೆ. ನಿಮ್ಮದು ಹಳೇದು ಅನ್ನೋದು ನನ್ನ ತಲೆಗೇ ಹೋಗ್ಲಿಲ್ಲ. ಕಂಡುಹಿಡಿದವರು ಯಾರು?"

ಟ್ರಂಕಕ್ಕ ಗಂಡನ ಕಡೆ ನೋಡಿದರು. ಅವರು ಏನೂ ಕೇಳಿಸದವರಂತೆ ಕನ್ನಡಕ ಒರೆಸುತ್ತಿದ್ದರು. ಆದರೆ ಕಿವಿ ಪೂರ್ತಿ ಈ ಕಡೆಗಿತ್ತು. "ನಮ್ಮ ಮನೆಯವರು" ಎಂದು ತುಸು ಜೋರಾಗಿಯೇ ಹೇಳಿದರು.

ನಾಲ್ಕು ಚಿತ್ರಗಳನ್ನೂ ಗ್ರಂಥಾಲಯದ ಹಾಲಿನಲ್ಲಿ ಸಾಲಾಗಿ ಅಂಟಿಸಿದರು. ಕೆಳಗಿನ ಬರಹದಲ್ಲಿ ಡಾಕ್ಟರು ಒಂದು ಒತ್ತಕ್ಷರ ನುಂಗಿದ್ದನ್ನು ಯಜಮಾನರು ಬಾಗಿಲಲ್ಲಿ ನಿಂತೇ ಹಿಡಿದರು. ಅಂದಿನಿಂದ ಬಳಗದಲ್ಲಿ ಅವರಿಗೂ ಒಂದು ಕುರ್ಚಿ.

ಆ ಚಳಿಗಾಲದಲ್ಲಿ ಇಬ್ಬರೂ ಇಪ್ಪತ್ತೆರಡು ಸಂಜೆ ಮಹಡಿಯಲ್ಲಿ ಕಳೆದರು. ಈಕೆ ದೂರದರ್ಶಕದ ಹತ್ತಿರ, ಅವರು ಪರದೆಯ ಮುಂದೆ. ಈಗ ಜಗಳಗಳೂ ಆಗುತ್ತಿದ್ದವು. ಫೋಕಸ್ ಸರಿಯಿದೆ ಎಂದು ಈಕೆ, ಕೂದಲೆಳೆಯಷ್ಟು ತಪ್ಪಿದೆ ಎಂದು ಅವರು. ಒಮ್ಮೆಯಂತೂ ಮಾತು ಬಿಟ್ಟು, ಆ ಸಿಟ್ಟನ್ನು ಮೂರು ದಿನ ಎಳೆದರು. ಮಾತು ಬಿಡುವಷ್ಟು ಮಾತು ತಮ್ಮಲ್ಲಿ ಬೆಳೆದಿದೆಯಲ್ಲ ಎಂದು ಆ ಮೂರು ದಿನವೂ ಟ್ರಂಕಕ್ಕನಿಗೆ ಒಳಗೇ ನಗು.

ಮುಂದಿನ ವರ್ಷ ಹೊಸ ಕಂಪ್ಯೂಟರು, ಹೊಸ ಕ್ಯಾಮೆರಾ ಬಂದವು. ಸೆಕೆಂಡಿಗೆ ನೂರು ಚಿತ್ರ, ಒಂದನ್ನೂ ಹಿಂಡದೆ. ಚಿತ್ರ ಎಷ್ಟೋ ಪಾಲು ಚೆನ್ನಾಗಿ ಬಂತು. ಯಜಮಾನರು ತುಂಬ ಹೊತ್ತು ಹುಡುಕಿದರು.

"ಏನೂ ತಪ್ಪಿಲ್ಲ" ಎಂದರು, ಸ್ವಲ್ಪ ಬೇಜಾರಿನಿಂದಲೇ.

"ಬನ್ನಿ, ಶನಿ ಮುಳುಗೋದ್ರೊಳಗೆ ಅದನ್ನೂ ಹಿಡಿದುಬಿಡೋಣ" ಎಂದು ಟ್ರಂಕಕ್ಕ ಕೊಳವೆಯನ್ನು ಪಶ್ಚಿಮಕ್ಕೆ ತಿರುಗಿಸಿದರು.