ಮಾತ್ರೆ ಬಿಟ್ಟ ಮೇಲೆ

ಮಾತ್ರೆ ಬಿಟ್ಟ ಮೂರನೆಯ ದಿನ ಮಗಳು ಗೌರಿ ಅಂಗಳದಲ್ಲಿ ಬಿದ್ದು ಅತ್ತಳು. ಕೇಳಿಸಿತು. ನಾನು ಮಂಚದಿಂದ ಏಳಲಿಲ್ಲ. ಶಕ್ತಿ ಇರಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಏಳಬೇಕೆಂಬುದೇ ಒಳಗೆ ಹುಟ್ಟಲಿಲ್ಲ.

ನಾನು ಖಾನಾಪುರದಲ್ಲಿ ಶಾಲಾ ಶಿಕ್ಷಕಿ. ಹೆರಿಗೆಯಾದ ಮೇಲೆ ಮೈ ಬಂದಿತ್ತು. ಡಾಕ್ಟರೊಬ್ಬರು ಹಸಿವು ತಗ್ಗಿಸಲು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಮೈ ಇಳಿಯಿತು. ದಣಿವೆಂಬುದೂ ಮಾಯವಾಯಿತು. ರೊಟ್ಟಿ ಬಡಿದು, ಶಾಲೆ ಮುಗಿಸಿ, ಸಂಜೆ ಓಣಿಯ ಮಕ್ಕಳಿಗೂ ಗಣಿತ ಹೇಳಿಕೊಡುತ್ತಿದ್ದೆ. ಎಲ್ಲರೂ ಹೊಗಳಿದರು. ಒಂದು ಮಾತ್ರೆ ನಾಲ್ಕಾಯಿತು, ನಾಲ್ಕು ಎಂಟಾಯಿತು. ಹಳೆಯ ಚೀಟಿ ತೋರಿಸಿ ಬೇರೆ ಬೇರೆ ಅಂಗಡಿಗಳಲ್ಲಿ ಕೊಳ್ಳುತ್ತಿದ್ದೆ. ಒಂದು ದಿನ ತರಗತಿಯ ಹುಡುಗಿಯೊಬ್ಬಳು ನನ್ನನ್ನೇ ಆಡಿಕೊಳ್ಳುತ್ತಿದ್ದಾಳೆಂದು ಅವಳ ಕೆನ್ನೆಗೆ ಹೊಡೆದೆ.

ಅವಳು ಪಾಠ ಓದುತ್ತಿದ್ದಳು.

ಶಾಲೆಯಿಂದ ಸುದ್ದಿ ತಿಳಿದು ಅಂದೇ ನನ್ನ ಗಂಡ ಮಾತ್ರೆಗಳನ್ನೆಲ್ಲ ಬಚ್ಚಲಿಗೆ ಸುರಿದರು.

ಮೊದಲು ಎರಡು ದಿನ ಬರೀ ನಿದ್ದೆ. ಆಮೇಲೆ ತಡೆಯಲಾರದ ಹಸಿವು. ಆಮೇಲೆ ಬಂದದ್ದಕ್ಕೆ ನನ್ನಲ್ಲಿ ಹೆಸರಿಲ್ಲ. ಊಟ, ಮಗು, ಬಿಸಿಲು, ಯಾವುದೂ ನನ್ನನ್ನು ಮುಟ್ಟುತ್ತಿರಲಿಲ್ಲ. ಮುಂದಿನ ವಾರ ಒಂದು ಮಧ್ಯಾಹ್ನ ಮಲಪ್ರಭೆಯ ಸೇತುವೆಯತ್ತ ನಡೆದೆ. ಹಿಂದೆಯೇ ಅತ್ತೆ ಬರಿಗಾಲಲ್ಲಿ ಓಡಿಬಂದರು.

“ಎಲ್ಲಿಗೆ ಹೊಂಟಿ?”

“ಅತ್ತೀ, ನನಗ ಸಾಕಾಗೇತ್ರಿ.”

“ಸಾಕಾಗಿದ್ರ ಇಲ್ಲೇ ಕುಂದರು. ನಾನೂ ಕುಂದರ್ತೀನಿ.”

ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತೆವು. ಹೊತ್ತು ಇಳಿಯುವವರೆಗೂ ಅವರು ನನ್ನ ಸೆರಗನ್ನು ಮುಷ್ಟಿಯಿಂದ ಬಿಡಲಿಲ್ಲ.

ಮರುದಿನ ಬೆಳಗಾವಿಯ ಆಸ್ಪತ್ರೆಯಲ್ಲಿ ತಲೆಗೆಲ್ಲ ತಂತಿ ಅಂಟಿಸಿ ಮೆದುಳಿನ ಅಲೆಗಳನ್ನು ತೋರಿಸುವ ಇ.ಇ.ಜಿ. ತೆಗೆದರು. ಉದ್ದನೆಯ ಕಾಗದದ ಮೇಲೆ ಪೆನ್ನುಗಳು ಗೆರೆ ಎಳೆಯುತ್ತಾ ಹೋದವು.

“ಎಚ್ಚರ ಇದ್ದಾಗ್ಲೂ ಅಲೆಗಳು ಭಾಳ ನಿಧಾನ ಅದಾವ್ರಿ,” ಎಂದರು ಡಾಕ್ಟರು. “ಇಷ್ಟು ದಿನ ಮಾತ್ರಿ ಮೆದುಳನ್ನ ಓಡಸ್ತಿತ್ತು. ಈಗ ಅದು ತಾನಾಗೇ ನಡಿಯೂದು ಕಲೀಬೇಕು.”

“ಎಷ್ಟು ದಿನ ಬೇಕ್ರಿ?” ನನ್ನ ಗಂಡ ಕೇಳಿದರು.

“ಖರೇ ಹೇಳ್ಬೇಕಂದ್ರ, ಗೊತ್ತಿಲ್ರಿ.”

 ಆ ಕಾಗದವನ್ನು ಮತ್ತೆ ಮತ್ತೆ ನೋಡಿದೆ. ನಾನು ಸೋಮಾರಿಯಲ್ಲ, ಕೆಟ್ಟ ತಾಯಿಯಲ್ಲ, ಇದು ರೋಗ ಎಂದು ಮೊದಲ ಸಲ ಅನಿಸಿತು. ಹಾಗನಿಸಿತೆಂದು ಮಾತ್ರೆಯ ಆಸೆ ಸಾಯಲಿಲ್ಲ. ವಾರ್ಡಿಗೆ ಸೇರಿಸಿದ ಮೇಲೆ ಒಂದೇ ಒಂದು ಮಾತ್ರೆಗಾಗಿ ನರ್ಸಿನ ಕಾಲು ಹಿಡಿದೆ. ಆಕೆ ನನ್ನನ್ನು ಎಬ್ಬಿಸಿ ಕೂರಿಸಿದಳು, ಮಾತ್ರೆ ಕೊಡಲಿಲ್ಲ.

ಈಗ ಐದು ತಿಂಗಳಾಗಿದೆ. ಎರಡನೆಯ ಇ.ಇ.ಜಿ. ತುಸು ಸುಧಾರಿಸಿದೆ, ಪೂರ್ತಿಯಲ್ಲ. ಔಷಧ ಅಂಗಡಿಯ ಮುಂದೆ ಒಬ್ಬಳೇ ಹಾಯಲು ಇನ್ನೂ ಧೈರ್ಯವಿಲ್ಲ.

ನಿನ್ನೆ ಬೆಳಿಗ್ಗೆ ಚಹಾಕ್ಕೆ ನೀರಿಟ್ಟೆ. ಅದು ಕುದಿಯುವಾಗ ಹೊಳೆಯಿತು: ಹಾಸಿಗೆ ಬಿಟ್ಟು ಬಾ ಎಂದು ನನ್ನನ್ನು ಯಾರೂ ಕರೆದಿರಲಿಲ್ಲ, ನಾನೇ ಎದ್ದು ಬಂದಿದ್ದೆ.