ಸುಮಿತ್ರಾ ಹೂತಿಟ್ಟ ಬೀಕನ್

ಲೋಕದಲ್ಲಿ ಸಂಶಯವೇ ಮೊದಲು ಹುಟ್ಟಿತು, ಆಮೇಲೆ ನಾನು ಹುಟ್ಟಿದೆ ಎಂದು ನನ್ನ ಹೆಂಡತಿ ಸುಮಿತ್ರಾ ಹೇಳುತ್ತಾಳೆ. ಮಿಕ್ಸಿ ಕೊಳ್ಳಲು ಹೋದಾಗ ಅಂಗಡಿಯಲ್ಲೇ ಕಾಯಿತುರಿ ರುಬ್ಬಿ ತೋರಿಸಿ ಎಂದು ಹಟ ಹಿಡಿದವನು ನಾನು. ಕೊಡೆ ಕೊಂಡರೆ ಹೊರಗಿನ ಮಳೆಯಲ್ಲಿ ಒಂದು ಸುತ್ತು ಹಾಕಿ ಬಂದ ಮೇಲೆಯೇ ಕಿಸೆಗೆ ಕೈ ಹಾಕುತ್ತೇನೆ. ಇಂಥವನಿಗೆ, ಎಂದೂ ಬಳಸುವ ಪ್ರಸಂಗ ಬಾರದಿರಲಿ ಎಂದು ಹಾರೈಸುತ್ತಲೇ ಕೊಳ್ಳಬೇಕಾದ ಯಂತ್ರವೊಂದನ್ನು ಆರಿಸುವ ಗ್ರಹಚಾರ ಬಂದರೆ ಹೇಗಿರಬಹುದು, ನೀವೇ ಊಹಿಸಿ.

ಯಂತ್ರದ ಹೆಸರು ಬೀಕನ್. ಸಾಬೂನು ಪೆಟ್ಟಿಗೆಗಿಂತ ತುಸು ದೊಡ್ಡದು. ಹಿಮದ ಬೆಟ್ಟದಲ್ಲಿ ಸ್ಕೀ ಮಾಡುವವರು ಅದನ್ನು ಎದೆಗೆ ಕಟ್ಟಿಕೊಳ್ಳುತ್ತಾರೆ. ಅದು ಸುಮ್ಮನೆ ಸಂಕೇತ ಕಳಿಸುತ್ತಿರುತ್ತದೆ. ಮೇಲಿನಿಂದ ಹಿಮ ಕುಸಿದು ಒಬ್ಬನನ್ನು ಮುಚ್ಚಿಬಿಟ್ಟರೆ, ಉಳಿದವರು ತಮ್ಮ ತಮ್ಮ ಬೀಕನ್ನನ್ನು ಹುಡುಕುವ ಸ್ಥಿತಿಗೆ ತಿರುಗಿಸಿ, ಆ ಸಂಕೇತದ ಜಾಡು ಹಿಡಿದು ಹೋಗಿ ಅಗೆಯಬೇಕು.

ಮಣಿಪಾಲದಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುತ್ತ, ಪರ್ಕಳದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದವನಿಗೆ ಹಿಮದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನೆರೆಹೊರೆಯವರೂ ಕೇಳಿದ್ದಾರೆ. ನಮ್ಮ ಕಡೆ ಐಸ್ ಎಂದರೆ ಮೀನಿನ ಪೆಟ್ಟಿಗೆಗೆ ಸುರಿಯುವ ವಸ್ತು. ಅದರಡಿ ಹೂತುಹೋದ ಬಂಗುಡೆಯನ್ನು ಕಣ್ಣುಮುಚ್ಚಿ ಹೊರಗೆಳೆಯುವ ಮೀನು ಮಾರುವ ಹೆಂಗಸರನ್ನು ಬಿಟ್ಟರೆ ಈ ವಿದ್ಯೆಯಲ್ಲಿ ಪಳಗಿದವರು ಉಡುಪಿಯಲ್ಲಿ ಬೇರೆ ಯಾರೂ ಇಲ್ಲ. ಆದರೆ ಒಂದು ರಜೆಯಲ್ಲಿ ಗೆಳೆಯ ಲಾರೆನ್ಸ್ ಎಳೆದುಕೊಂಡು ಹೋದನೆಂದು ಹಿಮಾಲಯದಲ್ಲಿ ಸ್ಕೀ ಕಲಿತುಬಂದೆ. ಶಿರ್ವದವನಾದ ಲಾರೆನ್ಸ್ ಬ್ಯಾಂಕಿನಲ್ಲಿ ಅಧಿಕಾರಿ. ಅಂದಿನಿಂದ ಒಂದು ವರ್ಷ ಬಿಟ್ಟು ಒಂದು ವರ್ಷ ನಾವಿಬ್ಬರೂ ಹೋಗಿ ಬಿದ್ದು ಎದ್ದು ಬರುತ್ತೇವೆ. ಈ ಸಲ ಅಲ್ಲಿನ ಶಿಕ್ಷಕರು ನಮ್ಮನ್ನು ಅಭ್ಯಾಸದ ಇಳಿಜಾರು ಬಿಟ್ಟು ತೆರೆದ ಬೆಟ್ಟಕ್ಕೆ ಕರೆದೊಯ್ಯಲು ಒಪ್ಪಿದ್ದರು. ಬೀಕನ್ ಇಲ್ಲದವರು ಬರಬೇಡಿ ಎಂದೂ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು.

ಆಸ್ಟ್ರಿಯಾದಲ್ಲಿ ನರ್ಸ್ ಆಗಿರುವ ಲಾರೆನ್ಸನ ತಂಗಿ ಕ್ರಿಸ್‌ಮಸ್‌ಗೆ ಊರಿಗೆ ಬರುವಾಗ ತರುತ್ತೇನೆಂದಳು. ಯಾವುದು ಬೇಕು ಎನ್ನುವುದನ್ನು ಮಾತ್ರ ನಾವೇ ಹೇಳಬೇಕಿತ್ತು. ಅಂತೂ ಪರ್ಕಳದ ಸೈಬರ್ ಸೆಂಟರಿನಲ್ಲಿ ನನ್ನ ಸಂಜೆಗಳು ಕಳೆಯತೊಡಗಿದವು. ಹಳೆಯ ಬಗೆಯದು ಕಿವಿಗೆ ಬೀಪ್ ಬೀಪ್ ಎನ್ನುತ್ತದೆ, ಸದ್ದು ಏರುವುದನ್ನು ಇಳಿಯುವುದನ್ನು ಕೇಳಿ ನಾವೇ ದಿಕ್ಕು ಹಿಡಿಯಬೇಕು. ಹೊಸ ಬಗೆಯದು ಬಾಣ ತೋರಿಸಿ, ಎಷ್ಟು ದೂರ ಎಂದೂ ಹೇಳುತ್ತದೆ. ನನಗೆ ಬಾಣದ ಮೇಲೆಯೇ ಗುಮಾನಿ. ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ದಾರಿ ಕೇಳಿದರೆ ಗೊತ್ತಿಲ್ಲದವನೂ ಎಷ್ಟು ಧೈರ್ಯವಾಗಿ ಕೈ ತೋರಿಸುತ್ತಾನೆ! ಸೆಕೆಂಡ್ ಹ್ಯಾಂಡ್ ಮಾಲಿನ ಮೇಲೆ ಇನ್ನೂ ಹೆಚ್ಚು ಗುಮಾನಿ. ಮಾರುವವನು ಬದುಕಿದ್ದಾನೆ ಎಂದ ಮಾತ್ರಕ್ಕೆ ಯಂತ್ರ ಕೆಲಸ ಮಾಡಿದೆ ಎಂದು ಹೇಗೆ ನಂಬುವುದು? ಅಪರೂಪಕ್ಕೆ ಬರುವವರು ಕಲಿತದ್ದನ್ನು ಮರೆತೇ ಬಂದಿರುತ್ತೀರಿ, ಒತ್ತುವ ಗುಂಡಿ ಕಡಿಮೆ ಇರುವುದನ್ನೇ ತೆಗೆದುಕೊಳ್ಳಿ ಎಂದು ಶಿಕ್ಷಕರು ಹೇಳಿದ ಮೇಲೆ, ಅರೆಮನಸ್ಸಿನಿಂದ ಬಾಣದ್ದಕ್ಕೇ ಒಪ್ಪಿದೆ.

ಎರಡು ಬೀಕನ್ ಬಂದವು. ಜೊತೆಗಿದ್ದ ಪುಸ್ತಿಕೆಯನ್ನು ನಾನು ಮತ್ತೆ ಮತ್ತೆ ಓದಿದೆ. ಸುಮಿತ್ರಾ ಓದಲಿಲ್ಲ, ಯಂತ್ರವನ್ನು ತಿರುಗಿಸಿ ನೋಡಿದಳು.

“ಇದನ್ನು ಕಟ್ಟಿಕೊಂಡರೆ ಹಿಮ ಮೈಮೇಲೆ ಬೀಳುವುದಿಲ್ವಾ?”

“ಬೀಳ್ತದೆ.”

“ಬಿದ್ದರೆ ಮುಚ್ಚುವುದಿಲ್ವಾ?”

“ಮುಚ್ತದೆ.”

“ಮತ್ತೆ ಎಂತಕ್ಕೆ ಇದು?”

“ನಾನು ಎಲ್ಲಿದ್ದೇನೆ ಅಂತ ಗೊತ್ತಾಗ್ತದೆ.”

“ಯಾರಿಗೆ?”

“ಲಾರೆನ್ಸನಿಗೆ.”

ಅವಳು ಯಂತ್ರವನ್ನು ಮೇಜಿನ ಮೇಲಿಟ್ಟಳು. “ಹಾಗಾದರೆ ನೀವು ಇಷ್ಟು ದಿನ ಪರೀಕ್ಷೆ ಮಾಡಬೇಕಾದದ್ದು ಇದನ್ನಲ್ಲ, ಅವರನ್ನು.”

ನಿಜ ಹೇಳುತ್ತೇನೆ, ಇದು ನನಗೆ ಹೊಳೆದೇ ಇರಲಿಲ್ಲ. ಹಿಮದಡಿ ಉಸಿರು ನಿಲ್ಲುವ ಮೊದಲು ನನ್ನನ್ನು ಎತ್ತಬೇಕಾದವನು ಈ ಲಾರೆನ್ಸ್! ತಲೆಯ ಮೇಲೆ ಕನ್ನಡಕ ಏರಿಸಿಕೊಂಡು ಮನೆಯಿಡೀ ಕನ್ನಡಕ ಹುಡುಕುವವನು. ಸ್ಕೂಟರನ್ನು ಪೇಟೆಯಲ್ಲಿ ನಿಲ್ಲಿಸಿ, ಮರೆತು, ಬಸ್ಸಿನಲ್ಲಿ ಮನೆಗೆ ಬಂದವನು. ಕಳೆದ ವಸ್ತು ಸಿಗಲು ನಮ್ಮೂರಿನಲ್ಲಿ ಕೊರಗಜ್ಜನೆಂಬ ದೈವಕ್ಕೆ ಹರಕೆ ಹೇಳಿಕೊಳ್ಳುವ ರೂಢಿ ಉಂಟು. ಸಿಕ್ಕಿದರೆ ಚಕ್ಕುಲಿ, ವೀಳ್ಯ ಇಡುವುದು. ಶಿರ್ವದ ಕಡೆಯ ಕ್ರೈಸ್ತರು ಸಂತ ಅಂತೋನಿಗೆ ಮೊರೆಯಿಡುತ್ತಾರೆ. ಲಾರೆನ್ಸ್ ಎಷ್ಟು ಕಳೆದುಕೊಳ್ಳುತ್ತಾನೆಂದರೆ, ಇಬ್ಬರಿಗೂ ಹೇಳಿಕೊಳ್ಳುತ್ತಾನೆ. ಒಬ್ಬರಿಗೆ ಪುರುಸೊತ್ತಿಲ್ಲದಿದ್ದರೆ ಇನ್ನೊಬ್ಬರು ಇರಲಿ ಎಂದು ಅವನ ವಾದ. ಇಂಥವನನ್ನು ನಂಬಿ ಬೆಟ್ಟ ಹತ್ತುವುದೇ?

ಕಡೆಗೆ ಸುಮಿತ್ರಾಳೇ ಒಂದು ಶರತ್ತು ಹಾಕಿದಳು. ಅವಳು ಒಂದು ಬೀಕನ್ನನ್ನು ಕಾಪುವಿನ ಕಡಲತೀರದ ಮರಳಿನಲ್ಲಿ ಹೂಳುವುದು, ಅವಳ ಕಣ್ಣೆದುರೇ ಲಾರೆನ್ಸ್ ಅದನ್ನು ಹುಡುಕಿ ತೆಗೆಯುವುದು. ತೆಗೆದರೆ ನಾನು ಹೋಗಬಹುದು, ಇಲ್ಲವಾದರೆ ಇಲ್ಲ.

ಭಾನುವಾರ ಮಧ್ಯಾಹ್ನ ಕಳೆದು ಬಿಸಿಲು ಇಳಿದಾಗ ಮೂವರೂ ಲೈಟ್‌ಹೌಸಿನ ಬದಿಯ ಮರಳಿನಲ್ಲಿದ್ದೆವು. ನಾವಿಬ್ಬರು ಗಂಡಸರು ಸಮುದ್ರ ನೋಡುತ್ತ ನಿಂತೆವು, ಸುಮಿತ್ರಾ ಹಿಂದೆ ಎಲ್ಲೋ ಹೋಗಿ ನನ್ನ ಬೀಕನ್ನನ್ನು ಹೂತು ಬಂದಳು. ಲಾರೆನ್ಸ್ ತನ್ನದನ್ನು ಹುಡುಕುವ ಸ್ಥಿತಿಗೆ ತಿರುಗಿಸಿ ಹೊರಟ. ಬಾಣ ಬರಲಿಲ್ಲ. ಎಡಕ್ಕೆ ಹೋದ, ಬಲಕ್ಕೆ ಹೋದ, ಯಂತ್ರ ಮೂಗನ ಹಾಗೆ ಕೂತಿತ್ತು. ಗಾಳಿ ತಿನ್ನಲು ಬಂದವರು ಒಬ್ಬೊಬ್ಬರಾಗಿ ಸುತ್ತ ನಿಂತರು.

“ಎಂತ ಮಾರ್ರೆ, ಚಿನ್ನ ಬಿದ್ದದ್ದಾ?” ಎಂದು ಲುಂಗಿ ಎತ್ತಿ ಕಟ್ಟಿದ್ದ ಒಬ್ಬರು ಕೇಳಿದರು.

“ಅಲ್ಲ, ಜನ ಬಿದ್ದದ್ದು,” ಎಂದ ಲಾರೆನ್ಸ್, ತಲೆಯೆತ್ತದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

ಯಂತ್ರ ಡುಪ್ಲಿಕೇಟ್ ಎಂದು ನನ್ನ ಮನಸ್ಸು ಆಗಲೇ ತೀರ್ಪು ಕೊಟ್ಟಿತ್ತು. ಲಾರೆನ್ಸನೂ ಅಷ್ಟೇ ಎಂದು ಅದರ ಕೆಳಗೇ ಇನ್ನೊಂದು ತೀರ್ಪು. ಆದರೆ ಅವನು ಯಂತ್ರವನ್ನು ಕಿಸೆಗೆ ಹಾಕಿ, ಕಾಲಿನಿಂದ ಮರಳಿನಲ್ಲಿ ಗೆರೆ ಎಳೆದ. ಸುಮಿತ್ರಾ ಬಿಸಿಲಿಗೆಂದು ತಂದಿದ್ದ ಕೊಡೆಯ ತುದಿಯನ್ನು ಗೆರೆಯುದ್ದಕ್ಕೂ ಚುಚ್ಚುತ್ತ ಹೋದ. ಒಂದು ಗೆರೆ ಮುಗಿದ ಕೂಡಲೇ ಪಕ್ಕದಲ್ಲಿ ಇನ್ನೊಂದು. ಬೆನ್ನ ಮೇಲಿನ ಅಂಗಿ ಒದ್ದೆಯಾಗಿ ಅಂಟಿತು. ತುಟಿ ಅಲುಗುತ್ತಿತ್ತು. ಮೊರೆ ಕೊರಗಜ್ಜನಿಗೋ ಸಂತ ಅಂತೋನಿಗೋ ತಿಳಿಯಲಿಲ್ಲ. ಸೂರ್ಯ ನೀರಿಗೆ ತಾಗಿದ. ನೋಡುತ್ತಿದ್ದವರು ಬೇಸರಗೊಂಡು ಚುರುಮುರಿಯ ಗಾಡಿಯ ಕಡೆ ಹೋದರು.

“ಸಾಕು ಬಿಡು ಲಾರೆನ್ಸ್,” ಎಂದೆ. “ಕತ್ತಲಾಯ್ತು. ಹೂತಿಟ್ಟ ಜಾಗ ಸುಮಿತ್ರಾಳಿಗೆ ಗೊತ್ತುಂಟಲ್ಲ, ಅವಳೇ ತೆಗೀಲಿ. ಚಾ ಕುಡಿಯುವ.”

ಸುಮಿತ್ರಾಳೂ ಪಾಪ ಅನ್ನಿಸಿ ಮುಂದೆ ಬಂದಳು. “ಇಲ್ಲಿ ಅಲ್ಲ, ಆ ಕಡೆ...”

“ಹೇಳಬೇಡಿ ಅಕ್ಕ,” ಎಂದು ಲಾರೆನ್ಸ್ ಕೈ ಅಡ್ಡ ಹಿಡಿದ. ಮತ್ತೆ ನನ್ನ ಕಡೆ ತಿರುಗಿದ. ಮುಖದಲ್ಲಿ ನಗೆ ಇರಲಿಲ್ಲ. “ಅಡಿಯಲ್ಲಿರುವುದು ನೀನು ಮಾರಾಯ. ಹೇಗೆ ಬಿಡುವುದು?”

ನಾನು ಚಾದ ಮಾತು ಬಿಟ್ಟು ಅವನ ಹಿಂದೆಯೇ ಹೋಗಿ ನಿಂತೆ.

ಇನ್ನೂ ಒಂದೆರಡು ಗೆರೆ ಕಳೆದ ಮೇಲೆ ಕೊಡೆಯ ತುದಿ ಠಣ್ ಎಂದಿತು. ಮೊಣಕಾಲೂರಿ ಎರಡೂ ಕೈಯಿಂದ ಅಗೆದ. ಸಿಕ್ಕಿದ್ದು ನಮ್ಮ ಮನೆಯ ಸ್ಟೀಲಿನ ತಿಂಡಿ ಡಬ್ಬ, ಮುಚ್ಚಳ ಬಿಗಿಯಾಗಿ ಹಾಕಿದ್ದು. ಒಳಗೆ ಬೀಕನ್ ಬೆಚ್ಚಗೆ ಮಲಗಿತ್ತು.

“ಉಪ್ಪುಗಾಳಿಗೆ ಹಾಳಾದೀತು ಅಂತ ಡಬ್ಬದಲ್ಲಿ ಹಾಕಿದೆ,” ಎಂದಳು ಸುಮಿತ್ರಾ. “ಫಾರಿನ್ ಸಾಮಾನು ಅಲ್ವಾ?”

ಲೋಹದ ವಸ್ತುವಿನಿಂದ ದೂರವಿಡಿ ಎಂದು ಪುಸ್ತಿಕೆಯಲ್ಲಿ ದಪ್ಪ ಅಕ್ಷರದಲ್ಲೇ ಇತ್ತು. ಬೀಕನ್ನನ್ನು ಡಬ್ಬದಿಂದ ಹೊರತೆಗೆದು ದೂರ ಇಟ್ಟು ನೋಡಿದರೆ ಲಾರೆನ್ಸನ ಯಂತ್ರದಲ್ಲಿ ಬಾಣ ನೆಟ್ಟಗೆ ಬಂತು. ಯಂತ್ರದ ತಪ್ಪೇನೂ ಇರಲಿಲ್ಲ. ಯಂತ್ರದ ಸಹಾಯವೂ ಇರಲಿಲ್ಲ, ಆದರೂ ಸಿಕ್ಕಿತ್ತು.

ಸುಮಿತ್ರಾ ಸೆರಗಿನಿಂದ ಡಬ್ಬದ ಮರಳು ಒರೆಸುತ್ತ, “ಹೋಗಿ ಬನ್ನಿ,” ಎಂದಳು. ಪರೀಕ್ಷೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪರೀಕ್ಷೆ ಒಬ್ಬನಿಗೇ ಆದದ್ದು ನನಗೆ ಮುಜುಗರವಾಗಿ, “ಈಗ ನಿನ್ನದನ್ನು ಹೂಳುವ, ನಾನು ಹುಡುಕ್ತೇನೆ,” ಎಂದು ಉಪಚಾರಕ್ಕೆ ಹೇಳಿದೆ.

ಲಾರೆನ್ಸ್ ಉಗುರಿನ ಮರಳು ತೆಗೆಯುತ್ತ ನಕ್ಕ. “ನಿನಗೆ ಎಂತ ಪರೀಕ್ಷೆ? ನನಗೆ ನಿನ್ನ ಮೇಲೆ ಡೌಟೇ ಇಲ್ಲ. ಸಿಗುವವರೆಗೆ ನೀನು ಬಿಡುವ ಜನವಾ?”

ಅವನು ಅದನ್ನು ತಮಾಷೆಗೆ ಹೇಳಿರಲಿಲ್ಲ. ನಾನು ಸುಮಿತ್ರಾಳ ಕಡೆ ನೋಡಿದೆ. ಸಾಕು ಬಿಡು, ಚಾ ಕುಡಿಯುವ ಎಂದವನು ಯಾರೆಂದು ಅವಳಿಗೆ ನೆನಪಿತ್ತು. ಅವಳು ಡಬ್ಬದ ಮುಚ್ಚಳವನ್ನು ಹಾಕಿ ತೆಗೆದು ಮಾಡುತ್ತಿದ್ದಳು. ಮಿಕ್ಸಿಯಿಂದ ಹಿಡಿದು ಕೊಡೆಯವರೆಗೆ ಎಲ್ಲವನ್ನೂ ಪರೀಕ್ಷಿಸಿದವನಿಗೆ ಒಂದು ವಸ್ತು ಮಾತ್ರ ಹೇಗೋ ತಪ್ಪಿಹೋಗಿತ್ತು.

ನಾನು ಲಾರೆನ್ಸನ ಬೀಕನ್ನನ್ನು ಕೇಳಿ ತೆಗೆದುಕೊಂಡು ಅವಳ ಕೈಯಲ್ಲಿಟ್ಟೆ. “ಹೂಳು. ಸ್ವಲ್ಪ ದೂರ ಹೂಳು. ಬೇಕಾದರೆ ಡಬ್ಬದಲ್ಲೇ ಹಾಕು.”

ಬೆಳಕು ಹೆಚ್ಚುಕಡಿಮೆ ಹೋಗಿತ್ತು. ಸಮುದ್ರದ ಕಡೆ ಮುಖ ಮಾಡಿ ನಿಂತೆ. ಅವಳ ಚಪ್ಪಲಿಯ ಸದ್ದು ಮರಳಿನಲ್ಲಿ ದೂರವಾಗುತ್ತ ಹೋಯಿತು. ಇಂಥ ಹೊತ್ತಿನಲ್ಲಿ ಓರೆಗಣ್ಣಿನಿಂದ ಹಿಂದೆ ನೋಡುವುದು ನನ್ನ ಜಾಯಮಾನ. ಆ ದಿನ ನೋಡಲಿಲ್ಲ.